ಮೈ ತುಂಬಿಕೊಂಡವರಿಗೂ ಊಟದ ಕಾಯಿಲೆ ಬರುತ್ತೆ

ಗಮನಕ್ಕೇ ಬಾರದ ಊಟದ ಕಾಯಿಲೆಗಳಿಗಾಗಿ (ಈಟಿಂಗ್ ಡಿಸಾರ್ಡರ್) ಹಾಸನದಲ್ಲಿ ಸ್ವಂತ ಥೆರಪಿ ಕೇಂದ್ರ ತೆರೆಯಲು ಹೊರಟಿರುವ ಮನಶ್ಶಾಸ್ತ್ರಜ್ಞೆಯ ಬಗ್ಗೆ ಓದಿ ತುಂಬಾ ಸಂತೋಷವಾಯಿತು. ‘ಇಲ್ಲಿ ಯಾರು ಬರ್ತಾರೆ?’ ಎಂದು ಅವರನ್ನು ಕೇಳಿದವರಿದ್ದಾರಂತೆ. ಪಿಯು ಮಕ್ಕಳಿಗೆ ಪಾಠ ಮಾಡುವವಳಾಗಿ ಹೇಳುತ್ತೇನೆ, ಖಂಡಿತ ಬರುತ್ತಾರೆ.

ಸೋಮವಾರ, ಶನಿವಾರ, ಏಕಾದಶಿ ಅಂತ ಒಪ್ಪತ್ತು ಹೆಚ್ಚಿಸಿಕೊಳ್ಳುತ್ತಾ ಹೋಗುವ ಹುಡುಗಿಯನ್ನು ಮನೆಯವರು ಭಕ್ತೆ ಅಂದುಕೊಳ್ಳುತ್ತಾರೆ. ಹಗಲೆಲ್ಲ ಉಪವಾಸವಿದ್ದು, ಎಲ್ಲರೂ ಮಲಗಿದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದು ಅಳುವವಳು ಮೈಕೈ ತುಂಬಿಕೊಂಡಿದ್ದರೆ ‘ಇವಳಿಗೇನು ಕಮ್ಮಿ’ ಅನ್ನುತ್ತಾರೆ. ಹುಡುಗರನ್ನಂತೂ ಯಾರೂ ಕೇಳುವುದೇ ಇಲ್ಲ. ಬಿಂಜ್ ಈಟಿಂಗ್, ಅಂದರೆ ಹಿಡಿತ ತಪ್ಪಿ ಮಿತಿಮೀರಿ ತಿನ್ನುವುದು, ಪ್ರತ್ಯೇಕ ಕಾಯಿಲೆಯೆಂದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 2013ರಲ್ಲಿ.

ಒಂದು ವಿನಂತಿ. ದಯವಿಟ್ಟು ಒಬ್ಬರೇ ನಿಭಾಯಿಸಬೇಡಿ ಮೇಡಂ. ತೂಕ ಸರಿಯಿದ್ದರೂ ಪದೇಪದೇ ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ರಕ್ತಪರೀಕ್ಷೆ, ಇಸಿಜಿ ನೋಡುವ ಒಬ್ಬ ಫಿಸಿಶಿಯನ್, ಒಬ್ಬ ಮನೋವೈದ್ಯರು ಮೊದಲ ದಿನದಿಂದಲೇ ಜೊತೆಗಿರಲಿ. ಡಯಟಿಷಿಯನ್ ಕೂಡ ಬೇಕು, ಆದರೆ ಮುದ್ದೆ, ಅವರೆಕಾಳು ಸಾರಿನ ಮನೆಯ ಊಟ ಗೊತ್ತಿರುವವರು. ಕ್ಯಾಲೊರಿ ಪಟ್ಟಿ ಕೈಗಿಟ್ಟು ಕಳಿಸುವವರಲ್ಲ.

ಬೋರ್ಡಿನ ಮೇಲೆ ಬರೀ ಆಪ್ತಸಮಾಲೋಚನೆ ಎಂದಿದ್ದರೆ ಸಾಕು. ಇದು ಪರಿಚಯದವರ ಊರು, ಮೆಟ್ಟಿಲು ಹತ್ತಿದ್ದು ಸಂಜೆಯೊಳಗೆ ಮನೆಗೆ ಮುಟ್ಟುತ್ತದೆ. ಸಕಲೇಶಪುರ, ಅರಕಲಗೂಡಿನ ಕಡೆಯ ಮಕ್ಕಳಿಗೆ ಭಾನುವಾರ ವಿಡಿಯೊ ಕಾಲ್‌ನಲ್ಲಿ ಸಿಗುವಂತಾದರೆ ದೊಡ್ಡ ಉಪಕಾರ. ಅಲ್ಲಿಯವರೆಗೆ, ಇದನ್ನು ಓದುತ್ತಿರುವ ಯಾರಿಗಾದರೂ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.