ಅತ್ತೆ ಕಾಲು ಮುರ್ಕೊಂಡ್ರೆ ಸೊಸೆಗೆ ರಜೆ ಇಲ್ವಂತೆ

ಅಮೆರಿಕಾದಲ್ಲಿರೋ ನಮ್ಮೋರು ಸುಮಾರು ಜನ ಎಫ್‌ಎಂಎಲ್‌ಎ (ಮನೆಯೋರ ಆರೈಕೆಗೆ ಅಂತ ರಜೆ ಕೊಡೋ ಅಲ್ಲಿನ ಕಾನೂನು) ಇದೆಯಲ್ಲ, ಊರಲ್ಲಿ ಅಪ್ಪ ಅಮ್ಮಂಗೆ ಏನಾದ್ರೂ ಆದ್ರೆ 12 ವಾರ ರಜೆ ಹಾಕಿ ಹೋಗ್ಬಹುದು ಅಂತ ಆರಾಮಾಗಿದ್ದಾರೆ. ಸ್ವಾಮಿ, ಆ ರಜೆ ನಿಮಗೆ ಸಿಗುತ್ತೋ ಇಲ್ವೋ ಅಂತ ಒಂದ್ಸಲ ಆದ್ರೂ ನೋಡಿದ್ದೀರಾ?

1993ರ ಕಾನೂನು ಇದು. ಸಂಬಳ ಇಲ್ಲ, ಕೆಲ್ಸ ಉಳಿಯುತ್ತೆ, ಹೆಲ್ತ್ ಇನ್ಶೂರೆನ್ಸ್ ನಡೀತಿರುತ್ತೆ, ಅಷ್ಟೇ. ಅಷ್ಟಕ್ಕೂ ಅದೇ ಕಂಪನೀಲಿ 12 ತಿಂಗಳು ಆಗಿರ್ಬೇಕು, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿರ್ಬೇಕು (ಪಿಟಿಓ, ಅಂದ್ರೆ ಸಂಬಳದ ರಜೆ ಹಾಕಿದ ಗಂಟೆಗಳು ಲೆಕ್ಕಕ್ಕೆ ಬರಲ್ಲ), ಆಮೇಲೆ ನಿಮ್ಮ ಆಫೀಸಿಂದ 75 ಮೈಲಿ ಒಳಗೆ ಕಂಪನಿಯೋರು 50 ಜನ ಇರ್ಬೇಕು. ಎಚ್‌1ಬಿ ವೀಸಾದಲ್ಲಿ ಕೆಲ್ಸ ಮಾಡ್ತಿದ್ರೂ ತೊಂದ್ರೆ ಇಲ್ಲ, ವೀಸಾ ಯಾವುದು ಅಂತ ಕಾನೂನು ನೋಡಲ್ಲ. ಆದ್ರೆ ಜಾಸ್ತಿ ಸಂಬಳ ಅಂತ ಮೊನ್ನೆ ಮೊನ್ನೆ ಕಂಪನಿ ಬದಲಾಯಿಸಿದ್ರೋ, ಲೆಕ್ಕ ಮೊದಲಿಂದ ಶುರು.

ನಂಗೆ ಉರಿಯೋದು ಅತ್ತೆ ಮಾವನ ವಿಷಯಕ್ಕೆ. ಗೆಳತಿ ಒಬ್ಬಳ ಅತ್ತೆ ಹಾಸನದಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು, ಆಪರೇಷನ್ ಆಯ್ತು, ನೋಡ್ಕೊಳ್ಳೋಕೆ ಜನ ಇಲ್ಲ, ಇವಳು ಫಾರಂ ತುಂಬಿ ಕಳ್ಸಿದ್ರೆ ಎಚ್‌ಆರ್‌ನೋರು ಎರಡೇ ಸಾಲಲ್ಲಿ "ಅತ್ತೆ ಪೇರೆಂಟ್ ಅಲ್ಲ, ನಿಮ್ಮ ಗಂಡ ಅವರ ಕಂಪನೀಲಿ ಕೇಳ್ಲಿ" ಅಂದ್ರು. ಗಂಡ ಹೊಸ ಸ್ಟಾರ್ಟಪ್ ಸೇರಿ ಇನ್ನೂ ವರ್ಷ ಆಗಿಲ್ಲ, ಅಲ್ಲಿರೋದೂ ಇಪ್ಪತ್ತು ಚಿಲ್ಲರೆ ಜನ. ಇಬ್ರಿಗೂ ಇಲ್ಲ! ಎಚ್‌ಆರ್‌ನೋರದ್ದೇನೂ ತಪ್ಪಿಲ್ಲ ಬಿಡಿ, ಕಾನೂನೇ ಹಂಗಿದೆ.

ತಮಾಷೆ ಅಂದ್ರೆ ಚಿಕ್ಕಂದಿನಲ್ಲಿ ಅಮ್ಮನ ಜಾಗದಲ್ಲಿ ನಿಂತು ನಿಮ್ಮನ್ನ ಸಾಕಿದ್ದು ಅಜ್ಜಿನೋ ದೊಡ್ಡಮ್ಮನೋ ಆಗಿದ್ರೆ ಅವರಿಗೋಸ್ಕರ ರಜೆ ಕೇಳ್ಬಹುದು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಸಾಕಿದೋರನ್ನ ಹೆತ್ತೋರ ಲೆಕ್ಕಕ್ಕೆ ಹಿಡಿಯೋ ಕಾನೂನಿಗೆ ಅತ್ತೆ ಯಾಕೆ ಹೊರಗಿನೋರಾದ್ರು?

ಆಗಲ್ಲ ಅನ್ನೋ ಹಂಗೂ ಇಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ್ದೇ ಇಂಥದ್ದೊಂದು ರಜೆ ಕಾನೂನಿದೆ, ಅದು 2021ರಿಂದ ಐದು ಜನ ಇರೋ ಕಂಪನಿಗೂ ಅನ್ವಯ ಆಗುತ್ತೆ, 2022ರಿಂದ ಅತ್ತೆ ಮಾವನ್ನೂ ಸೇರಿಸಿದ್ದಾರೆ. ಅಲ್ಲಿ ಕಂಪನಿಗಳೇನು ಬಾಗಿಲು ಹಾಕ್ಕೊಂಡು ಹೋದ್ವಾ? ಬೇರೆ ಕಡೆ ಇರೋರು ಮೊದ್ಲು ನಿಮ್ಮ ಸ್ಟೇಟ್‌ನಲ್ಲಿ ಏನಿದೆ ನೋಡಿ, ಇಡೀ ದೇಶಕ್ಕಿರೋ ಫೆಡರಲ್ ಕಾನೂನು ಒಂದನ್ನೇ ನಂಬ್ಕೊಂಡು ಕೂರ್ಬೇಡಿ.

ಇನ್ನೊಂದು, ಊರಲ್ಲಿ ಟ್ರೀಟ್ಮೆಂಟ್ ಕೊಡ್ತಿರೋ ಡಾಕ್ಟ್ರ ಸರ್ಟಿಫಿಕೇಟನ್ನ ಕಂಪನಿ ಒಪ್ಲೇಬೇಕು, ಇಂಗ್ಲಿಷಲ್ಲಿ ಇಲ್ದಿದ್ರೆ ಅನುವಾದ ಕೇಳ್ತಾರೆ. ಸಾಮಾನ್ಯವಾಗಿ 15 ದಿನ ಟೈಮ್ ಕೊಡ್ತಾರೆ, ಅದಕ್ಕೇ ಫಾರಂನ ಅವತ್ತೇ ವಾಟ್ಸಾಪಲ್ಲಿ ಕಳ್ಸಿ, ನಮ್ಮ ಡಾಕ್ಟ್ರುಗಳ ಹತ್ರ ಸಹಿ ಹಾಕ್ಸೋದು ಎಷ್ಟು ಓಡಾಟ ಅಂತ ನಿಮಗೇ ಗೊತ್ತು.