ಹತ್ತನೇ ಪಿಕ್ರಾಸ್‌ಗೂ ದುಡ್ಡು ಕೊಡಬೇಕಾ?

ಪರ: ಎಳೆ ಎಣಿಸುವವರಿಗೆ ಬೇಜಾರಿಲ್ಲ

ಪಿಕ್ರಾಸ್ ಅನ್ನುವ ವಿಡಿಯೋ ಗೇಮ್ ಗೊತ್ತಿಲ್ಲದವರಿಗೆ ಮೊದಲು ಆಟ ಹೇಳಿಬಿಡುತ್ತೇನೆ. ಐದು ಚೌಕದ ಒಂದು ಸಾಲು. ಪಕ್ಕದಲ್ಲಿ '3 1' ಅಂತ ಬರೆದಿದೆ. ಮೂರು ಚೌಕ ಒಟ್ಟಿಗೆ ತುಂಬಬೇಕು, ಆಮೇಲೆ ಒಂದಾದರೂ ಖಾಲಿ ಬಿಡಬೇಕು, ಮತ್ತೆ ಒಂದು ತುಂಬಬೇಕು. ಐದು ಚೌಕದಲ್ಲಿ ಇದು ಒಂದೇ ರೀತಿ ಕೂರುತ್ತದೆ. ಹತ್ತು ಚೌಕದ ಸಾಲಿಗೆ '8' ಬಂದರೆ? ಎಡಕ್ಕೆ ತಳ್ಳಿ ನೋಡಿ, ಬಲಕ್ಕೆ ತಳ್ಳಿ ನೋಡಿ, ನಡುವಿನ ಆರು ಚೌಕ ಹೇಗಿದ್ದರೂ ತುಂಬಲೇಬೇಕು. ಹೀಗೆ ಅಡ್ಡಕ್ಕೂ ಉದ್ದಕ್ಕೂ ಲೆಕ್ಕ ಹಾಕುತ್ತಾ ಹೋದರೆ ಕೊನೆಗೆ ಒಂದು ಚಿತ್ರ ಮೂಡುತ್ತದೆ.

ಜಪಾನಿನ ನಾನ್ ಇಶಿದಾ ಮತ್ತು ತೆತ್ಸುಯಾ ನಿಶಿಯೋ 1980ರ ದಶಕದ ಕೊನೆಯಲ್ಲಿ ಈ ಒಗಟನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಕ್ಯೋಟೋದ ಜುಪಿಟರ್ ಅನ್ನುವ ಸಣ್ಣ ಕಂಪನಿ 1995ರಲ್ಲಿ ಅದನ್ನು ಮಾರಿಯೋ ಹೆಸರಲ್ಲಿ ನಿಂಟೆಂಡೊದ ಗೇಮ್ ಬಾಯ್ ಅನ್ನುವ ಕೈಯಾಟದ ಯಂತ್ರಕ್ಕೆ ತಂದಿತು. ಅಮೆರಿಕದಲ್ಲಿ ಅದು ಓಡಲಿಲ್ಲ. ಮುಂದಿನ ಭಾಗ ಆಗ ಜಪಾನ್ ದಾಟಲೇ ಇಲ್ಲ. ಆದರೂ ಅವರು ಕೈಬಿಡಲಿಲ್ಲ. ನಿಂಟೆಂಡೊದ ಮುಂದಿನ ಯಂತ್ರಗಳಿಗೂ ತಂದರು: 2007ರಲ್ಲಿ ಡಿಎಸ್‌ಗೆ, ಆಮೇಲೆ 3ಡಿಎಸ್‌ಗೆ, 2017ರಿಂದ ಸ್ವಿಚ್‌ಗೆ. 2024ರಲ್ಲಿ ಬಂದ ಪಿಕ್ರಾಸ್ ಎಸ್ ಪ್ಲಸ್, ವಿಶೇಷ ಆವೃತ್ತಿಗಳನ್ನು ಬಿಟ್ಟರೆ, ಸ್ವಿಚ್‌ನ ಎಸ್ ಸಾಲಿನಲ್ಲಿ ಹತ್ತನೆಯದು.

ಅದೇ ಚೌಕ, ಅದೇ ಅಂಕಿ, ಹೊಸದೇನಿದೆ ಅಂತ ಕೇಳುವವರಿಗೆ ನಮ್ಮ ಅವ್ವನ ಬಗ್ಗೆ ಹೇಳಬೇಕು.

ಅವ್ವ ಧಾರವಾಡದವಳು. ನಲವತ್ತು ವರ್ಷ ಕಸೂತಿ ಹಾಕಿದ್ದಾಳೆ. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಇಳಕಲ್ ಸೀರೆಯ ಎಳೆ ಎಣಿಸುತ್ತಾ ಹೋಗಬೇಕು. ಮೂರು ಎಳೆ ಬಿಟ್ಟು ಒಂದು ಹೊಲಿಗೆ, ಮತ್ತೆ ಮೂರು. ಗವಂತಿ ಅನ್ನುವ ಹೊಲಿಗೆ ಹಾಕಿದರೆ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣಬೇಕು, ಗಂಟು ಎಲ್ಲೂ ಕಾಣಬಾರದು. ಒಂದು ಎಳೆ ತಪ್ಪಿದರೆ ತೇರಿನ ಗಾಲಿಯೇ ಓರೆಯಾಗುತ್ತದೆ. ಎರಡು ವರ್ಷದಿಂದ ಬೆರಳು ನಡುಗುತ್ತಿವೆ. ಸೂಜಿ ಹಿಡಿಯಲು ಆಗುತ್ತಿಲ್ಲ. ಸಂಜೆ ಸುಮ್ನೆ ಕಿಟಕಿ ಹತ್ತಿರ ಕೂತಿರುತ್ತಿದ್ದಳು.

ಒಂದು ದಿನ ನನ್ನ ಸ್ವಿಚ್ ಕೈಗೆ ಕೊಟ್ಟೆ. ಐದು ಬೈ ಐದರ ಒಗಟು ಬಿಡಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಇದು ನಮ್ಮ ಎಳಿ ಎಣಿಸೋ ಕೆಲಸಾನ ಅಲ್ಲೇನೋ!" ಈಗ ಹದಿನೈದು ಬೈ ಹದಿನೈದಕ್ಕೆ ಬಂದಿದ್ದಾಳೆ. ತುಟಿ ಅಲುಗಾಡಿಸುತ್ತಾ ಎಣಿಸುತ್ತಾಳೆ, ಸೀರೆ ತೊಡೆ ಮೇಲೆ ಇದ್ದಾಗ ಎಣಿಸುತ್ತಿದ್ದಂತೆಯೇ.

1995ರ ಆಟವನ್ನೇ ಕೊಟ್ಟಿದ್ದರೆ ಅವಳು ಮೊದಲ ದಿನವೇ ಕೆಳಗಿಡುತ್ತಿದ್ದಳು. ಅದರಲ್ಲಿ ಮೂವತ್ತು ನಿಮಿಷದ ಗಡುವು ಇತ್ತು. ಮೊದಲ ತಪ್ಪಿಗೆ ಎರಡು ನಿಮಿಷ ಕಡಿತ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು. ಈಗಿನದರಲ್ಲಿ ಆ ಗಡುವಿಲ್ಲ. ಬೇಕೆಂದರೆ ಯಾವ ಸಾಲಿನಲ್ಲಿ ಏನಾದರೂ ತುಂಬಬಹುದೋ ಆ ಅಂಕಿಯ ಬಣ್ಣ ಬದಲಾಗುತ್ತದೆ. ಒಂದೇ ಕೆಲಸ ಮೂವತ್ತು ವರ್ಷ ಮಾಡಿದವರಿಗೆ ಮಾತ್ರ ಇಂಥದ್ದು ಗೊತ್ತಾಗುತ್ತದೆ.

ಇನ್ನೊಂದು ಮಾತು. 2023ರ ಮಾರ್ಚ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿ ಮುಚ್ಚಿತು. ಅದರೊಂದಿಗೆ ಆ ಯಂತ್ರದ ಪಿಕ್ರಾಸ್‌ಗಳೂ ಹೊಸಬರಿಗೆ ಸಿಗದಾದವು. ಎಸ್ ಪ್ಲಸ್ ಅವನ್ನೇ ವಾಪಸ್ ತಂದಿದೆ. ಇದನ್ನು ಹಳೇ ಸರಕು ಅನ್ನುತ್ತಾರೆ. ಕಂಪ್ಯೂಟರೇ ಸಾವಿರ ಒಗಟು ಹುಟ್ಟಿಸಿಕೊಡುತ್ತದಲ್ಲ ಅಂತಲೂ ಅನ್ನುತ್ತಾರೆ. ಅಂಥ ಉಚಿತ ಆಪ್ ಒಂದನ್ನು ಆಡಿ ನೋಡಿದ್ದೇನೆ. ಕೊನೆಗೆ ಮೂಡಿದ್ದು ಮಸಿ ಚೆಲ್ಲಿದಂಥ ಕಲೆ, ಅದರ ಮೇಲೊಂದು ಜಾಹೀರಾತು. ಅವ್ವನಿಗೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ಹನ್ನೊಂದನೆಯದು ಬಂದರೂ ನಾನು ಕೊಳ್ಳುತ್ತೇನೆ.

ವಿರೋಧ: ಎರಡು ಸಾಕು

ಈ ಬದಿ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ನಾನೂ ಎರಡು ಭಾಗ ಆಡಿದ್ದೇನೆ, ಇಷ್ಟಪಟ್ಟೇ ಆಡಿದ್ದೇನೆ. ಮೂರನೆಯದಕ್ಕೆ ಮಾತ್ರ ಕೈ ಹೋಗಲಿಲ್ಲ.

ಮೊದಲ ಮಾತು ದುಡ್ಡಿನದು. 2017ರಲ್ಲಿ ಸ್ವಿಚ್ ಬಂದಾಗ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬರಲಿಲ್ಲ. ಹೊರಗಿಂದ ತರಿಸಬೇಕು, ಜಾಸ್ತಿ ಕೊಡಬೇಕು. ಅದರ ಮೇಲೆ ಒಂದೊಂದು ಪಿಕ್ರಾಸ್‌ಗೂ ಬೇರೆ ಬೇರೆ ದುಡ್ಡು. ಹತ್ತು ಕೊಂಡರೆ ಎಷ್ಟಾಗುತ್ತದೆ, ನೀವೇ ಯೋಚಿಸಿ. ಮೊದಲ ಪಿಕ್ರಾಸ್ ಎಸ್‌ನಲ್ಲಿ 300 ಒಗಟು ಇವೆ ಅಂತಾರೆ. ಅದರಲ್ಲಿ ಅರ್ಧ 'ಮೆಗಾ', ಅಂದರೆ ಒಂದು ಅಂಕಿ ಎರಡು ಸಾಲಿಗೆ ಹರಡಿಕೊಳ್ಳುವ ಬಗೆ. ಬಿಡಿಸುವ ರೀತಿ ಬೇರೆ ಹೌದು, ಮೂಡುವ ಚಿತ್ರ ಬಹುಪಾಲು ಅದೇ.

ಎರಡನೆಯದು ಕಂಪನಿಯ ಬಗ್ಗೆ. ಇದೇ ಜುಪಿಟರ್ 2007ರಲ್ಲಿ ಸ್ಕ್ವೇರ್ ಎನಿಕ್ಸ್ ಅನ್ನುವ ಗೇಮ್ ಕಂಪನಿ ಜೊತೆ ಸೇರಿ ಡಿಎಸ್‌ಗೆ 'ದಿ ವರ್ಲ್ಡ್ ಎಂಡ್ಸ್ ವಿತ್ ಯು' ಮಾಡಿದೆ. ಎರಡು ಪರದೆಯಲ್ಲೂ ಏಕಕಾಲಕ್ಕೆ ಹೊಡೆದಾಟ ನಡೆಯುವ ಆಟ ಅದು, ಯಾರೂ ಹಾಗೆ ಯೋಚಿಸಿರಲಿಲ್ಲ. ಅಂಥ ಕೈಗಳು ವರ್ಷಕ್ಕೊಂದು ಚೌಕಳಿಯಲ್ಲೇ ಕೂತಿರಬೇಕಾ? ನಾವು ಕೊಳ್ಳುತ್ತಲೇ ಇದ್ದರೆ ಅವರು ಅದನ್ನೇ ಮಾಡುತ್ತಾರೆ. ಅಮ್ಮಂದಿರ ನೆನಪು, ಕುಶಲ ಕಲೆ ಎಲ್ಲ ಎಳೆದು ತಂದು ಇದನ್ನು ಭಾವನೆಯ ವಿಷಯ ಮಾಡಬಾರದು ಅಂತ ನನಗನ್ನಿಸುತ್ತದೆ.

ಕೊನೆಯದಾಗಿ, ಇದಕ್ಕೆ ಯಂತ್ರವೇ ಬೇಡ. ಪೆನ್ಸಿಲ್, ಚೌಕಳಿ ಹಾಳೆ ಇದ್ದರೆ ಆಯಿತು. ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾನೇ ಒಂದು ಒಗಟು ಮಾಡಿಕೊಟ್ಟೆ. ಮೂಲೆಯಲ್ಲಿ ಎರಡು ಚೌಕ ಓರೆಯಾಗಿ ಬಂದಿದ್ದವು. ಅವನ್ನು ಅದಲು ಬದಲು ಮಾಡಿದರೂ ಅಂಕಿ ಸರಿಹೋಗುತ್ತಿತ್ತು, ಎರಡು ಉತ್ತರ ಬಂದುಬಿಟ್ಟವು. ತಿದ್ದಲು ಅರ್ಧ ಗಂಟೆ ಹಿಡಿಯಿತು. ಒಂದೇ ಉತ್ತರ ಬರುವ ಹಾಗೆ ಮುನ್ನೂರು ಒಗಟು ಕಟ್ಟುವುದು ಸುಲಭವಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತಿನಿಂದ ಮಗಳೇ ಒಗಟು ಮಾಡಿ ನನಗೆ ಕೊಡುತ್ತಿದ್ದಾಳೆ. ನಿನ್ನೆ ಕೊಟ್ಟಿದ್ದು ಕೊಡೆಯ ಚಿತ್ರ.