ರಿಪೀಟ್ ಆಫ್ಟರ್ ಮಿ

ನಮ್ಮ ಸರ್ಕಾರಿ ಶಾಲೆಯ ಆರನೇ ಕ್ಲಾಸಿನ ಮಕ್ಕಳಷ್ಟು ಹೇಳಿದ ಮಾತು ಕೇಳುವವರು ಬೇರೆಲ್ಲೂ ಸಿಗಲಿಕ್ಕಿಲ್ಲ. ಅದೇ ನನ್ನ ಕಷ್ಟ.

ಇವತ್ತು ಇಂಗ್ಲಿಷ್ ಪೀರಿಯಡ್ಡಿನಲ್ಲಿ "ರಿಪೀಟ್ ಆಫ್ಟರ್ ಮಿ" ಅಂದೆ. ಇಡೀ ಕ್ಲಾಸು "ರಿಪೀಟ್ ಆಫ್ಟರ್ ಮಿ" ಅಂತು. "ಓಪನ್ ಯುವರ್ ಬುಕ್ಸ್" ಅಂದೆ. ಅದೂ ಹಾಗೇ ವಾಪಸ್ ಬಂತು. ಪುಸ್ತಕ ಮಾತ್ರ ಯಾರೂ ತೆಗೆಯಲಿಲ್ಲ.

"ಅಯ್ಯೋ, ಇದನ್ನಲ್ರಪ್ಪಾ, ಪಾಠ ಹೇಳಿ."

"ಅಯ್ಯೋ, ಇದನ್ನಲ್ರಪ್ಪಾ, ಪಾಠ ಹೇಳಿ!" ರಾಗವೂ ನನ್ನದೇ. ಮುಂದಿನ ಬೆಂಚಿನ ಹುಡುಗಿಯಂತೂ ನನ್ನ ಹಾಗೇ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಫೋನು. "ಹಲೋ, ಹೇಳಿ ಸರ್" ಅಂದೆ. "ಹಲೋ, ಹೇಳಿ ಸರ್" ಅಂತ ಕ್ಲಾಸೂ ಕೇಳಿತು. "ಮೇಡಂ, ಎಕೋ ಹೊಡೀತಿದೆ, ಸ್ವಲ್ಪ ಹೊರಗೆ ಬನ್ನಿ" ಅಂದರು. ಮಕ್ಕಳ ಶೂ ಸೈಜ್ ಮಧ್ಯಾಹ್ನದೊಳಗೆ ಬೇಕಂತೆ, ತುಂಬಾ ಅರ್ಜೆಂಟಂತೆ. ಇಂಥ ಅರ್ಜೆಂಟುಗಳೆಲ್ಲ ಗಣಿತದ ಪೀರಿಯಡ್ಡಿನಲ್ಲಿ ಯಾಕೆ ಬರಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಫೋನಿಟ್ಟು ಒಳಗೆ ಬಂದು, ಟ್ರೈನಿಂಗಿನಲ್ಲಿ ಹೇಳಿಕೊಟ್ಟಂತೆ ಮೌನ ಓದು ಶುರು ಮಾಡಿಸಿದೆ. "ಬಾಯಿ ಬಿಡಬೇಡಿ, ಮನಸ್ಸಲ್ಲೇ ಓದಿ." ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅಂತ ಸದ್ದು. ಹಿಂದಿನ ಬೆಂಚಿನವನೊಬ್ಬ ಮಾತ್ರ ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿ ಕೂತಿದ್ದ. ಕೇಳಿದರೆ, "ಮನಸ್ಸಲ್ಲಿ ಓದ್ತಿದ್ದೀನಿ ಮಿಸ್." ಏನನ್ನಲಿ?

ಆಮೇಲೆ ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಲೆಕ್ಕಕ್ಕೆ ಏಳನೇ ಕ್ಲಾಸಿನ ಹುಡುಗ ಬಂದ. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನ ಆಯ್ತಲ್ಲ, ಈ ಲೆಕ್ಕವೂ ದಿನಾ ಆಯ್ತು. ಮೊಟ್ಟೆಗೆ ಕೈ ಎತ್ತಿದವರು "ಯಾರು ಓದ್ತೀರಿ?" ಅಂದಾಗ ಇಳಿಸಿದರು. ಒಬ್ಬನ ಕೈ ಮಾತ್ರ ಮೇಲೇ ಇತ್ತು.

ಓದಿದ ನೋಡಿ! ಒಂದು ಕಡೆಯೂ ತಡವರಿಸಲಿಲ್ಲ. ಇವನನ್ನು ಸಿಆರ್‌ಪಿ ಸರ್ ಮುಂದೆ ನಿಲ್ಲಿಸಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕ್ತಿದ್ದೆ. ಪುಟ ತಿರುಗಿಸಿದವನೇ ಗಪ್‌ಚಿಪ್.

"ಯಾಕೋ, ಮುಂದೆ ಓದು."

"ಈ ಪುಟ ಅಕ್ಕ ಇನ್ನೂ ಬರೆದುಕೊಟ್ಟಿಲ್ಲ ಮಿಸ್."

ಹೋಗಿ ನೋಡಿದೆ. ಹಿಂದಿನ ಪುಟದಲ್ಲಿ ಪ್ರತಿ ಇಂಗ್ಲಿಷ್ ಸಾಲಿನ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ, ಇರುವೆ ಸಾಲಿನಷ್ಟು ಸಣ್ಣಗೆ. ಆ ಅಕ್ಷರ ನನಗೆ ಗೊತ್ತು. ಎರಡು ವರ್ಷದ ಹಿಂದೆ ನನ್ನ ಹತ್ತಿರವೇ ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋದ ಹುಡುಗಿ. ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅವಳಿಗೆ ಏನೂ ಹತ್ತಲಿಲ್ಲ ಅಂದುಕೊಂಡಿದ್ದೆ. ನಮ್ಮ ಕಾಲದಲ್ಲಿ ಎಬಿಸಿಡಿ ಐದನೇ ಕ್ಲಾಸಿಗೆ. 2007ರಿಂದ ಒಂದನೇ ಕ್ಲಾಸಿಗೇ ಬಂತು. ಆದರೆ ಮನೆಯಲ್ಲಿ ಓದಿ ತೋರಿಸೋರು ಬೇಕಲ್ವಾ? ಇವನಿಗೆ ಒಬ್ಬಳು ಸಿಕ್ಕಿದ್ದಾಳೆ. ಅಪ್ಪ ಅಮ್ಮ ಕೂಲಿಯಿಂದ ಬರೋದರೊಳಗೆ ಅನ್ನಕ್ಕಿಟ್ಟು, ಆಮೇಲೆ ತಮ್ಮನ ಪುಸ್ತಕ ಹಿಡಿದು ಕೂರುತ್ತಾಳಂತೆ. ಒಂದು ಕ್ಷಣ ಬೈಯೋಕೆ ಬಾಯಿ ಬರಲಿಲ್ಲ.

ಬೈದಿದ್ದರೆ ತಪ್ಪೇನೂ ಇರಲಿಲ್ಲ ಅನ್ನೋದು ಪುಟದ ಕೆಳಗೆ ಕಣ್ಣು ಹೋದಾಗ ಗೊತ್ತಾಯ್ತು. ಪ್ಯಾರಾ ಮುಗಿದ ಕಡೆ ಚಿಕ್ಕ ಬಾಣದ ಗುರುತು. ಪಕ್ಕದಲ್ಲಿ ಅದೇ ಮುದ್ದಾದ ಅಕ್ಷರ: "ಇಲ್ಲಿ ಮಿಸ್ ಪ್ರಶ್ನೆ ಕೇಳ್ತಾರೆ. ತಲೆ ಬಗ್ಗಿಸು."

ನಾನು ಪ್ರಶ್ನೆ ಕೇಳೋಕೆ ಬಾಯಿ ತೆರೆದೆ. ಅವನಾಗಲೇ ತಲೆ ಬಗ್ಗಿಸಿ ಚಪ್ಪಲಿ ನೋಡ್ತಿದ್ದ. "ಹಾಗಾದರೆ ಶೂ ಸೈಜಾದರೂ ಹೇಳೋ" ಅಂದೆ.

"ಹಾಗಾದರೆ ಶೂ ಸೈಜಾದರೂ ಹೇಳೋ!" ಅಂತು ಕ್ಲಾಸು.